ಬಲಗಿವಿಯ ನಾಲ್ಕನೆಯ ಕಚ್ಚು

ನನ್ನ ಹಳೆಯ ಡೈರಿಯೊಂದರಲ್ಲಿ ಒಂದು ದಿನದ ಎದುರು ಬರೆದದ್ದು ಇಷ್ಟೇ: 'ಹದಿಮೂರು ಸತ್ತಿತು. ನಲವತ್ತು ಸೇರಿಸಿದೆ. ವಿಪರೀತ ಬಿಸಿಲು.' ಇದರಲ್ಲಿ ಬಿಸಿಲೊಂದೇ ನಿಜ, ಉಳಿದೆರಡೂ ಸುಳ್ಳು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಚೆಗೆ ಆ ಪುಟವನ್ನು ಮತ್ತೆ ತೆರೆದಾಗ ಅಷ್ಟು ಖಚಿತವಾಗಿ ಹೇಳಲಾರೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಡೈರಿ ಹೇಳುವುದನ್ನು ಡೈರಿಯದೆಂದೂ ನೆನಪು ಹೇಳುವುದನ್ನು ನೆನಪಿನದೆಂದೂ ಬೇರೆಬೇರೆ ಇಡಲು ನೋಡುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಪದವಿ ಮುಗಿಸಿ, ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ರಸ್ತೆಯಲ್ಲಿದ್ದ ಒಂದು ಹಂದಿ ತಳಿ ಕೇಂದ್ರದಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ಅದನ್ನು ನಡೆಸುತ್ತಿದ್ದ ಸಂಸ್ಥೆಯ ಮುಖ್ಯ ಕಚೇರಿ ಪುಣೆಯಲ್ಲಿತ್ತು. ಬಿಳಿಯ ದೊಡ್ಡ ತಳಿಯ ಹಂದಿಗಳನ್ನು ಬೆಳೆಸಿ, ಸುತ್ತಲಿನ ಹಳ್ಳಿಗಳಲ್ಲಿ ಮೊದಲಿನಿಂದ ಹಂದಿ ಸಾಕಿಕೊಂಡು ಬಂದ ಮನೆಗಳಿಗೆ ಒಂದೊಂದು ಹೆಣ್ಣುಮರಿ ಕೊಡುವುದು ನಮ್ಮ ಕೆಲಸ. ಮರಿ ದೊಡ್ಡದಾಗಿ ಈದ ಮೇಲೆ ಆ ಮನೆಯವರು ಎರಡು ಹೆಣ್ಣುಮರಿಗಳನ್ನು ಕೇಂದ್ರಕ್ಕೆ ಹಿಂದಿರುಗಿಸಬೇಕು. ಅಲ್ಲಿಯವರೆಗೆ ತಾಯಿ ಹಂದಿ ಕೇಂದ್ರದ್ದೇ. ಕೊಟ್ಟ ಮೇಲೆ ಅದು ಅವರದು.

ನಮ್ಮ ಮನೆ ಅಥಣಿಯ ಕಡೆ. ಕಬ್ಬು, ದ್ರಾಕ್ಷಿ ಬೆಳೆಯುವ ಮನೆತನ. ಹಂದಿಯ ಹೆಸರನ್ನೂ ನಮ್ಮ ಅಡುಗೆಮನೆಯ ಹೊಸ್ತಿಲ ಒಳಗೆ ಎತ್ತುವಂತಿರಲಿಲ್ಲ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಅವ್ವ, "ಚಿಕ್ಕೋಡ್ಯಾಗ ಕಂಪ್ಯೂಟರ್ ಆಫೀಸ್‌ನ್ಯಾಗ ಅದಾಳ್ರಿ" ಅನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಕೇಂದ್ರದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದನ್ನು ಮುಟ್ಟುವ ಅನುಮತಿ ಇದ್ದದ್ದು ನನಗೊಬ್ಬಳಿಗೆ. ಭಾನುವಾರ ಊರಿಗೆ ಹೋದಾಗ ಅವ್ವ ಬಾಗಿಲಲ್ಲೇ ನಿಲ್ಲಿಸಿ, "ಇವತ್ತ ಕಂಪ್ಯೂಟರ್ ಅಷ್ಟ ಮುಟ್ಟಿಯೋ, ಮತ್ತ ಬ್ಯಾರೇನರ ಮುಟ್ಟಿಯೋ?" ಎಂದು ಕೇಳುತ್ತಿದ್ದಳು. "ಕಂಪ್ಯೂಟರ್ ಅಷ್ಟ" ಎಂದರೆ ಒಳಗೆ ಬಿಡುತ್ತಿದ್ದಳು. ಇಲ್ಲವಾದರೆ ಹಿತ್ತಲ ಬಚ್ಚಲಿಗೆ ಹೋಗಬೇಕು. ನಾನು ಆ ಯಂತ್ರವನ್ನು ಅಷ್ಟೊಂದು ನಂಬಿದ್ದು ಅದು ನಂಬಿಕೆಗೆ ಯೋಗ್ಯವಾಗಿತ್ತು ಎಂದೋ, ಅದರ ಹಿಂದೆ ಕೂತರೆ ಹಂದಿಯ ಹತ್ತಿರ ಹೋಗುವುದು ತಪ್ಪುತ್ತಿತ್ತು ಎಂದೋ? ಆಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಡೈರಿಯಲ್ಲಂತೂ ಇಲ್ಲ.

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕಿಟಕಿಗೆ ಪರದೆ, ಕೀಲಿಮಣೆಗೆ ಪ್ಲಾಸ್ಟಿಕ್ ಹೊದಿಕೆ. ಕರೆಂಟು ಹೋದಾಗ ಮೂಲೆಯ ಬ್ಯಾಟರಿ ಪೆಟ್ಟಿಗೆ ಕುಂಯ್‌ಗುಟ್ಟುತ್ತಿತ್ತು. ಅದು ನಿಲ್ಲುವುದರೊಳಗೆ ಮಾಡಿದ ಕೆಲಸ ಉಳಿಸಿ ಯಂತ್ರ ಆರಿಸಬೇಕು. ತಿಂಗಳಿಗೊಮ್ಮೆ ಎಲ್ಲ ವಿವರವನ್ನೂ ಒಂದು ಫ್ಲಾಪಿಗೆ ಇಳಿಸಿ, ನಿಪ್ಪಾಣಿಗೆ ಹೋಗಿ, ಪುಣೆಗೆ ಹೋಗುವ ಪಾರ್ಸಲ್‌ನಲ್ಲಿ ಕಳಿಸುವುದೂ ನನ್ನ ಕೆಲಸ. ನಿಪ್ಪಾಣಿಯ ಗಾಳಿಯಲ್ಲಿ ತಂಬಾಕಿನ ಪುಡಿ. ಅದು ಫ್ಲಾಪಿಯ ಒಳಗೆ ಹೋದೀತೆಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು ಒಯ್ಯುತ್ತಿದ್ದೆ. ಆ ದಿನ ಊಟವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸೀನುತ್ತ ನಿಂತಿರುತ್ತಿದ್ದೆ. ಪುಣೆಯಿಂದ ವಾಪಸು ಉದ್ದನೆಯ ಅಚ್ಚಿನ ಕಾಗದ ಬರುತ್ತಿತ್ತು, ಅಂಚಿನಲ್ಲಿ ಸಾಲಾಗಿ ತೂತು ಇರುವಂಥದು. ಯಾವ ಹೆಣ್ಣಿಗೆ ಯಾವ ಗಂಡು ಬಿಡಬೇಕು, ಯಾವ ಹಂದಿ ಉಳಿಯಬೇಕು, ಯಾವುದು ಹೋಗಬೇಕು ಎಲ್ಲವೂ ಅದರಲ್ಲಿ. ನಾವು ಅದಕ್ಕೆ 'ಪಟ್ಟಿ' ಅನ್ನುತ್ತಿದ್ದೆವು.

ಹಂದಿಗೆ ಹೆಸರಿರಲಿಲ್ಲ, ಸಂಖ್ಯೆ ಇತ್ತು. ಸಂಖ್ಯೆ ಇದ್ದದ್ದು ಕಿವಿಯಲ್ಲಿ. ಮರಿ ಹುಟ್ಟಿದ ಒಂದೆರಡು ದಿನದಲ್ಲಿ ಕಿವಿಯ ಅಂಚಿನಲ್ಲಿ ಇಕ್ಕಳದಿಂದ ಸಣ್ಣ ಕಚ್ಚು ತೆಗೆಯುತ್ತಿದ್ದೆವು. ಎಡಗಿವಿ ಎಷ್ಟನೆಯ ಮರಿ ಎಂದು ಹೇಳುತ್ತದೆ. ಅದನ್ನು ಇಲ್ಲಿ ಬಿಡಬಹುದು. ಬಲಗಿವಿ ಹೇಳುವುದು ಎಷ್ಟನೆಯ ಸೂಲಿನದು ಎಂಬುದನ್ನು, ಅಂದರೆ ಆ ವರ್ಷ ಕೇಂದ್ರದಲ್ಲಿ ಎಷ್ಟನೆಯ ಬಾರಿ ಈದಾಗ ಹುಟ್ಟಿದ್ದು ಎಂಬುದನ್ನು. ಕೆಳ ಅಂಚಿನ ತುದಿಯಲ್ಲಿ ಕಚ್ಚು ಇದ್ದರೆ ಒಂದು, ಕೆಳ ಅಂಚಿನ ಬುಡದಲ್ಲಿದ್ದರೆ ಮೂರು. ಮೇಲಂಚಿನ ತುದಿಯಲ್ಲಿ ಒಂಬತ್ತು, ಮೇಲಂಚಿನ ಬುಡದಲ್ಲಿ ಇಪ್ಪತ್ತೇಳು. ಎರಡು ಬೇಕಾದರೆ ಒಂದರ ಜಾಗದಲ್ಲೇ ಎರಡು ಕಚ್ಚು. ಇರುವ ಕಚ್ಚುಗಳನ್ನು ಕೂಡಿಸಿದರೆ ಸೂಲಿನ ಸಂಖ್ಯೆ. ಆ ಸಂಖ್ಯೆ ಗೊತ್ತಾದರೆ ತಂದೆ ಯಾವುದು, ತಾಯಿ ಯಾವುದು ಎಂದು ಯಂತ್ರ ಹೇಳುತ್ತದೆ. ಇಷ್ಟು ಚಂದದ ವ್ಯವಸ್ಥೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ. ಓದಿದರೆ ಈಗ ಕೋಪ ಬರುತ್ತದೆ.

ನಮ್ಮಿಂದ ಮರಿ ಒಯ್ದವರಲ್ಲಿ ಒಬ್ಬ ಹೆಂಗಸು ರಾಯಬಾಗದ ಕಡೆಯ ಒಂದು ಸಣ್ಣ ಹಳ್ಳಿಯವಳು. ನನ್ನ ಅವ್ವನ ವಯಸ್ಸು. ಅವಳು ನನಗೆ 'ಅಕ್ಕಾರ' ಎಂದು ಬಹುವಚನದಲ್ಲಿ ಮಾತಾಡುತ್ತಿದ್ದಳು. ನಾನು ಅವಳಿಗೆ 'ನೀ' ಅನ್ನುತ್ತಿದ್ದೆ. ಇದು ನೆನಪಲ್ಲ, ಡೈರಿಯಲ್ಲಿ ಬರೆದಿಟ್ಟ ಮಾತುಗಳಲ್ಲೇ ಹಾಗಿದೆ. ಅವಳು ಮರಿ ಒಯ್ಯಲು ಬಂದ ದಿನ ನಾವು ಹೊಸ ತೂಕದ ಯಂತ್ರ ಇಟ್ಟಿದ್ದೆವು; ಕೆಂಪು ಅಂಕಿಗಳು ಮಿನುಗುವಂಥದು. ಮರಿ ಅದರ ತಟ್ಟೆಯ ಮೇಲೆ ಒದ್ದಾಡಿದಷ್ಟೂ ಅಂಕಿಗಳು ಕುಣಿಯುತ್ತಿದ್ದವು. ಎಂಟು, ಹನ್ನೊಂದು, ಆರು, ಮತ್ತೆ ಹನ್ನೊಂದು. ನಾನು ಪೆನ್ನು ಹಿಡಿದು ಅಂಕಿ ನಿಲ್ಲುವುದನ್ನೇ ಕಾಯುತ್ತಿದ್ದೆ.

ಅವಳು ಸ್ವಲ್ಪ ಹೊತ್ತು ನೋಡಿ, "ಅಕ್ಕಾರ, ಮರಿ ತೂಗಾಕತ್ತೀರೋ, ಕುಣಸಾಕತ್ತೀರೋ?" ಅಂದಳು.

"ನಿಲ್ಲತೈತಿ ತಡಿ."

"ಅದು ನಿಲ್ಲೂದ್ರಾಗ ಮರಿ ದೊಡ್ಡದಾಗಿ ಈದ ಬಿಡತೈತಿ." ಮರಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಮರಿ ಸುಮ್ಮನಾಯಿತು. "ಒಂಬತ್ತಕ್ಕ ಸಣ್ಣಂಗ ಕಡಿಮಿ ಐತಿ. ಬರಕೋರಿ."

ನಾನು ಬರೆದುಕೊಳ್ಳಲಿಲ್ಲ. ಅವಳ ಕೈಯಿಂದ ಮರಿ ತೆಗೆದು ಮತ್ತೆ ತಟ್ಟೆಯ ಮೇಲಿಟ್ಟೆ. ಕೊನೆಗೆ ಅಂಕಿ ಎಲ್ಲಿ ನಿಂತಿತೋ ನೆನಪಿಲ್ಲ.

ಮರಿಯನ್ನು ಅವಳೇ ಆರಿಸಿಕೊಂಡಿದ್ದಳು. ನಾಲ್ಕನೆಯ ಸೂಲಿನದು. ಬಲಗಿವಿಯಲ್ಲಿ ಎರಡು ಕಚ್ಚು, ಎರಡೂ ಕೆಳ ಅಂಚಿನಲ್ಲಿ. ಎಡಗಣ್ಣಿನ ಮೇಲೆ ಬೆರಳಗಲದ ಒಂದು ಕರಿ ಮಚ್ಚೆ. ಹೊರಡುವ ಮೊದಲು ಅವಳು ದೊಡ್ಡಿಯ ಸಾಲಿನಲ್ಲಿ ನಡೆದು ಎರಡನೆಯ ಸಂಖ್ಯೆಯ ಗಂಡುಹಂದಿಯ ಮುಂದೆ ನಿಂತು ಅದರ ಮುಖ ನೋಡಿದ್ದಳಂತೆ. ಇದನ್ನು ಆಮೇಲೆ ಅವಳೇ ಹೇಳಿದ್ದು. ನಾನು ಆಗ ಕೋಣೆಯೊಳಗಿದ್ದೆ.

ಮುಂದೆ ನಡೆದದ್ದಕ್ಕೆಲ್ಲ ಕಾರಣ ಒಂದು ರೂಢಿ. ಹಂದಿ ಸಾಕುವ ಆ ಮನೆಗಳಲ್ಲಿ ಹಂದಿಗಳನ್ನು ಹಗಲೆಲ್ಲ ಬಿಟ್ಟು ಮೇಯಿಸುತ್ತಿದ್ದರು. ಐದಾರು ಮನೆಯ ಹಂದಿಗಳು ಒಂದೇ ಹಳ್ಳದಲ್ಲಿ ಬೆರೆಯುತ್ತವೆ. ಗುರುತಿಗೆ ಪ್ರತಿ ಮನೆಗೂ ತನ್ನದೇ ಕಚ್ಚು: ಒಬ್ಬರದು ಎಡಗಿವಿಯ ನಡುವೆ, ಒಬ್ಬರದು ತುದಿಯಲ್ಲಿ. ಅತ್ತೆಯಿಂದ ಸೊಸೆಗೆ ಬಂದ ಕಚ್ಚು, ಬದಲಾಯಿಸುವಂತಿಲ್ಲ. ಹೊಸ ಹಂದಿ ಮನೆಗೆ ಬಂದ ದಿನವೇ, ಕಾಲಿಗೆ ನೀರು ಹಾಕಿ, ಕಿವಿ ಕೊಯ್ದು, ಅರಿಸಿನ ಒತ್ತಿ ಒಳಗೆ ಕರೆದುಕೊಳ್ಳುತ್ತಿದ್ದರು. ಈ ಹೆಂಗಸಿನ ಮನೆಯ ಕಚ್ಚು ಬಲಗಿವಿಯ ಮೇಲಂಚಿನ ತುದಿಯಲ್ಲಿ. ನಮ್ಮ ಲೆಕ್ಕದಲ್ಲಿ ಅದು ಒಂಬತ್ತು.

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲವೇ? ಕೇಂದ್ರದ ಮುಖ್ಯಸ್ಥರು ವಯಸ್ಸಾದ ಪಶುವೈದ್ಯರು. ನಾವೆಲ್ಲ ಡಾಕ್ಟರು ಅನ್ನುತ್ತಿದ್ದೆವು. ಅವರು ಇದೇ ಸೀಮೆಯಲ್ಲಿ ಕೆಲಸ ಮಾಡಿದವರು. ಅವರಿಗೆ ತಿಳಿಯದೆ ಇದ್ದೀತೇ? ನಾನು ಎಂದೂ ಕೇಳಲಿಲ್ಲ. ನನ್ನ ತಪ್ಪನ್ನು ಅವರೆದುರು ಒಪ್ಪಿಕೊಂಡ ದಿನವೂ ಕೇಳಲಿಲ್ಲ.

ನನ್ನ ತಪ್ಪು ಹೀಗೆ. ಮರಿ ಕೊಟ್ಟು ಐದಾರು ತಿಂಗಳಾದ ಮೇಲೆ ಹಳ್ಳಿಗಳಿಗೆ ಹೋಗಿ ಎಲ್ಲ ಹಂದಿಗಳ ಕಿವಿ ಓದಿಕೊಂಡು ಬರಲು ಪುಣೆಯಿಂದ ಸೂಚನೆ ಬಂತು. ಹೋದೆ. ಈ ಹಂದಿಯ ಬಲಗಿವಿಯಲ್ಲಿ ಮೂರು ಕಚ್ಚು ಇದ್ದವು. ಒಂದು, ಮೂರು, ಒಂಬತ್ತು: ಹದಿಮೂರು. ವಿತರಣೆಯ ವಹಿಯಲ್ಲಿ ಅವಳ ಹೆಸರಿನ ಎದುರು ನಾಲ್ಕು ಎಂದಿತ್ತು. ಬರೆದವರು ತಪ್ಪಿರಬೇಕು ಎಂದುಕೊಂಡು, ಯಂತ್ರದಲ್ಲಿ ಅವಳ ಹಂದಿಯನ್ನು ಹದಿಮೂರು ಎಂದು ಸೇರಿಸಿದೆ. ಆಗ ನಾಲ್ಕನೆಯ ಸೂಲಿನ ಒಂದು ಹೆಣ್ಣು ಲೆಕ್ಕಕ್ಕೆ ಸಿಗದೆ ಉಳಿಯಿತು. ಯಂತ್ರದಲ್ಲಿ 'ಕಾಣೆ' ಎಂಬ ಆಯ್ಕೆ ಇರಲಿಲ್ಲ. 'ಇದೆ' ಅಥವಾ 'ಸತ್ತಿದೆ'. ಸತ್ತಿದೆ ಎಂದು ಒತ್ತಿದೆ.

ಅವಳನ್ನು ಕೇಳಿದೆ, ಅವಳು ಏನೂ ಹೇಳಲಿಲ್ಲ ಎಂದು ನನ್ನ ನೆನಪು. ಡೈರಿ ಬೇರೆ ಹೇಳುತ್ತದೆ. ಆ ಒಂದೇ ದಿನ ನಾಲ್ಕು ಹಳ್ಳಿ ಮುಗಿಸಿದ್ದೇನೆ. 'ಬಸ್ ತಪ್ಪುವುದರಲ್ಲಿತ್ತು, ಕಿವಿ ಓದಿ ಓಡಿದೆ' ಎಂದಿದೆ. ಕೇಳಲು ಎಲ್ಲಿ ಸಮಯವಿತ್ತು? ಕೇಳಿದೆ ಎಂಬ ನೆನಪನ್ನು ನಾನೇ ಆಮೇಲೆ ಕಟ್ಟಿಕೊಂಡಿರಬೇಕು.

ಮುಂದಿನ ಪಟ್ಟಿ ಬಂತು. ಹದಿಮೂರನೆಯ ಸೂಲಿನ ತಂದೆ ಐದನೆಯ ಗಂಡು. ಆದ್ದರಿಂದ ಈ ಹಂದಿಗೆ ಐದನೆಯ ಗಂಡು ಬಿಡಬಾರದು, ಎರಡನೆಯದನ್ನು ಬಿಡಬೇಕು ಎಂದು ಪಟ್ಟಿ ಹೇಳಿತು. ನಿಜದಲ್ಲಿ ಎರಡನೆಯದೇ ಅದರ ತಂದೆ.

ಹಂದಿ ಬೆದೆಗೆ ಬಂದಾಗ ಅವಳು ಅದನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದಳು. ಎರಡನೆಯ ಗಂಡಿನ ದೊಡ್ಡಿಯ ಕಡೆ ಅದನ್ನು ಹೊಡೆಯುತ್ತಿದ್ದಂತೆ ಅಡ್ಡ ನಿಂತಳು.

"ಇಲ್ಲಿ ಬ್ಯಾಡ್ರಿ. ಇಂವ ಇಕಿ ಅಪ್ಪ."

"ಅಲ್ಲ. ಇದರ ಅಪ್ಪ ಐದನೇದು. ಪಟ್ಟ್ಯಾಗ ಐತಿ ನೋಡ."

"ನನಗ ಪಟ್ಟಿ ಏನ ತಿಳೀತೈತ್ರಿ. ಮಾರಿ ನೋಡ್ರಿ ನೀವ. ಇಕಿ ಕಣ್ಣ ಮ್ಯಾಲಿಂದು ಮಚ್ಚಿ, ಇಂವನ ಕಣ್ಣ ಮ್ಯಾಲಿಂದು ಮಚ್ಚಿ. ಮರಿ ಒಯ್ಯೂ ದಿನಾನ ನೋಡೇನಿ."

"ಮಚ್ಚಿ ಯಾವ ಹಂದಿಗರ ಬರತೈತಿ, ಅವ್ವಾ. ಕಿವಿ ಸುಳ್ಳ ಹೇಳಂಗಿಲ್ಲ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಓದಿದವಳಲ್ಲವೇ, ಅವಳಿಗೆ ತಿಳಿಸಿ ಹೇಳಬೇಕು ಅನ್ನಿಸಿತು. ನೆಲದ ಧೂಳಿನಲ್ಲಿ ಕಡ್ಡಿಯಿಂದ ಒಂದು ದೊಡ್ಡ ಕಿವಿ ಬರೆದೆ. ಇಲ್ಲಿ ಕೊಯ್ದರೆ ಒಂದು, ಇಲ್ಲಿ ಮೂರು, ಇಲ್ಲಿ ಒಂಬತ್ತು, ಇಲ್ಲಿ ಇಪ್ಪತ್ತೇಳು. ಅವಳು ಕುಕ್ಕುರುಗಾಲಲ್ಲಿ ಕೂತು ನೋಡಿದಳು. ಒಂಬತ್ತರ ಜಾಗಕ್ಕೆ ಬೆರಳಿಟ್ಟು, "ಇದು ನಮ್ಮ ಮನಿ ಕಚ್ಚರಿ," ಅಂದಳು.

ಅಂದಳೇ? ಇಲ್ಲಿ ನನಗೆ ಬಲವಾದ ಅನುಮಾನವಿದೆ. ಅವಳು ಆಗಲೇ ಇದನ್ನು ಹೇಳಿದ್ದರೆ, ಕೇಳಿಯೂ ಕೇಳದಂತೆ ಇದ್ದವಳು ನಾನು. ಹೇಳಿರದಿದ್ದರೆ ನಾನು ಬರೀ ತಿಳಿಯದವಳು. ಡೈರಿ ಮೌನವಾಗಿದೆ. ಆದರೆ ಅವಳ ಬೆರಳು ಧೂಳಿನ ಆ ಗೆರೆಯ ಮೇಲೆ ಇದ್ದದ್ದು ನನಗೆ ಕಾಣುತ್ತದೆ. ಬೆರಳು ಕಂಡಿದ್ದರೆ ಮಾತೂ ಕೇಳಿರಲೇಬೇಕು.

ಡಾಕ್ಟರು ಬಂದರು. ಅವಳು ಅವರಿಗೂ ಹೇಳಿದಳು. "ಈ ಸಲ ಬಿಟ್ಟರ ಮೂರ ವಾರಕ್ಕ ಮತ್ತ ಬೆದಿಗೆ ಬರತೈತ್ರಿ. ನಾ ಕಾಯ್ತೀನಿ. ಬ್ಯಾರೆ ಗಂಡ ಕೊಡ್ರಿ."

"ಪಟ್ಟಿ ಬಿಟ್ಟ ನಡಿಯಾಕ ಬರಂಗಿಲ್ಲ, ಬಾಯಿ," ಅಂದರು ಅವರು. "ಒಪ್ಪಂದದಾಗ ಬರದೈತಿ. ಒಲ್ಲೆ ಅಂದರ ಹಂದಿ ಬಿಟ್ಟ ಹೋಗು."

ಅವಳು ನನ್ನ ಮುಖ ನೋಡಿದಳು. ನಾನು ಪಟ್ಟಿಯನ್ನು ಮಡಚುತ್ತಿದ್ದೆ.

ಹಂದಿ ಈಯಲು ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ. ಈದ ಮರುದಿನ ಹೋಗಿದ್ದೆ, ವಿವರ ಬರೆದುಕೊಳ್ಳಲು. ಆರು ಮರಿ. ಎರಡು ಹುಟ್ಟುವಾಗಲೇ ಸತ್ತಿದ್ದವು. ಎರಡಕ್ಕೆ ಬಾಲದ ಕೆಳಗೆ ದ್ವಾರವೇ ಇರಲಿಲ್ಲ; ಹಾಲು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದವು. ಉಳಿದೆರಡು ಗಂಡು, ಇಲಿಯಷ್ಟು. ಅವಳು ಉಬ್ಬಿದ ಹೊಟ್ಟೆಯ ಒಂದು ಮರಿಯನ್ನು ಎತ್ತಿ, ತಿರುಗಿಸಿ, ನನ್ನ ಕೈಯಲ್ಲಿಟ್ಟಳು.

"ಬರಕೋರಿ," ಅಂದಳು.

ಬಯ್ಯಲಿಲ್ಲ. ಬೈದಿದ್ದರೆ ಎದುರಾಡುತ್ತಿದ್ದೆನೋ ಏನೋ. ಮರಿ ಬೆಚ್ಚಗಿತ್ತು. ಅವ್ವನ ಬಾಗಿಲಿನ ಪ್ರಶ್ನೆ ನೆನಪಾಯಿತು. ಅಂಥ ಹೊತ್ತಿನಲ್ಲಿ ಅದೇ ನೆನಪಾಯಿತಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ. ತಾಯಿ ಹಂದಿಯ ಬಲಗಿವಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದೆ. ಕೆಳಗಿನ ಎರಡು ಕಚ್ಚು ನಮ್ಮ ಇಕ್ಕಳದವು, ಅಂಚು ನುಣುಪಾಗಿ ಒಂದೇ ಅಳತೆ. ಮೇಲಿನದು ಕೈಯಿಂದ ಕೊಯ್ದದ್ದು, ಓರೆ, ಆಳ. ಬೆರಳಿಗೆ ಅರ್ಧ ಗಳಿಗೆಯಲ್ಲಿ ಗೊತ್ತಾಯಿತು. ಕಿವಿ ಓದಲು ಬಂದ ದಿನ ಮುಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಾನು ಬರೆದುಕೊಂಡದ್ದನ್ನು ಯಂತ್ರಕ್ಕೆ ಹಾಕಿದೆ. ಮುಂದಿನ ಪಟ್ಟಿಯಲ್ಲಿ ಹದಿಮೂರರ ಎದುರು ನಕ್ಷತ್ರದ ಗುರುತು ಬಂತು: ಕೇಂದ್ರಕ್ಕೆ ಮರಳಿಸಿಕೊಂಡು ವಿಲೇವಾರಿ ಮಾಡತಕ್ಕದ್ದು. ವಿಲೇವಾರಿ ಎಂದರೆ ಮಾಂಸಕ್ಕೆ ಒಯ್ಯುವ ಗೋವಾದ ಲಾರಿ. ಎರಡು ಹೆಣ್ಣುಮರಿ ಹಿಂದಿರುಗಿಸದ ಕಾರಣ ಹಂದಿ ಇನ್ನೂ ಕೇಂದ್ರದ್ದೇ ಆಗಿತ್ತು. ವರ್ಷದ ಮೇಲೆ ಹೊಟ್ಟು, ಮುಸುರೆ, ಕಬ್ಬಿನ ಸೋಗೆ ಹೊತ್ತು ತಂದು ಸಾಕಿದವಳಿಗೆ ಏನೂ ಉಳಿಯುವಂತಿರಲಿಲ್ಲ. ಲಾರಿ ಬರಲು ಒಂದು ತಿಂಗಳಿತ್ತು.

ಆ ತಿಂಗಳನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಹದಿಮೂರನ್ನು ನಾಲ್ಕು ಎಂದು ತಿದ್ದಬೇಕು, ಅಷ್ಟೇ; ದೋಷ ಹಂದಿಯದಲ್ಲ, ತಪ್ಪು ಗಂಡು ಬಿಟ್ಟದ್ದರದು ಎಂದು ಆಗ ಪುಣೆಗೇ ತಿಳಿಯುತ್ತಿತ್ತು. ಒಂದು ಅಂಕಿ. ತಿದ್ದಲು ಹೋದರೆ ಈ ಸಂಖ್ಯೆಯನ್ನು ಬದಲಾಯಿಸುವಂತಿಲ್ಲ ಎಂದು ಪರದೆ ಬೀಪ್ ಅನ್ನುತ್ತಿತ್ತು. ಅಳಿಸಲು ಹೋದರೆ, ಈದ ಹಂದಿಯನ್ನು ಅಳಿಸುವಂತಿಲ್ಲ. ನಾಲ್ಕನೆಯ ಸೂಲಿನ ಹೆಣ್ಣನ್ನು ತೆರೆದು ವಿವರ ಸೇರಿಸಲು ಹೋದರೆ, ಸತ್ತ ಹಂದಿಗೆ ವಿವರ ಸೇರಿಸುವಂತಿಲ್ಲ. ನಾನೇ ಕೊಂದಿದ್ದು. ನಾಲ್ಕು ದಿನ ಬೇರೆಬೇರೆ ದಾರಿಯಿಂದ ಒಳಗೆ ಹೋಗಿ ನೋಡಿದೆ. ಎರಡು ದಿನ ಕರೆಂಟೇ ಇರಲಿಲ್ಲ. ಕೈಯಿಂದ ಬರೆಯುವ ವಹಿಯಾಗಿದ್ದರೆ ಒಂದು ಅಡ್ಡಗೆರೆ ಎಳೆದು ಮೇಲೆ ಸಹಿ ಹಾಕಿದರೆ ಮುಗಿಯುತ್ತಿತ್ತು.

ಕೇಂದ್ರದ ಫೋನು ಸತ್ತಿತ್ತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿಯಿಂದ ಪುಣೆಗೆ ಮಾತಾಡಿದೆ. ಅಲ್ಲಿ ಯಂತ್ರ ನೋಡಿಕೊಳ್ಳುವವನು ನನ್ನ ವಯಸ್ಸಿನವನೇ ಇರಬೇಕು, ನಗುಮುಖದ ದನಿ. ನಾನು ನನ್ನ ಗಡಿಸೀಮೆಯ ಮರಾಠಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕೇಳಿ, "ಮೇಲೇಲಂ ಡುಕ್ಕರ ಪರತ ಜಿವಂತ ಕಸಂ ಹೋಣಾರ, ಬಾಈ?" ಎಂದ. ಸತ್ತ ಹಂದಿ ಮತ್ತೆ ಬದುಕುವುದು ಹೇಗೆ ಎಂದು.

"ಅದು ಸತ್ತಿಲ್ಲ. ನಾನು ತಪ್ಪು ಬರೆದೆ."

ಹಾಗಾದರೆ ತಪ್ಪು ಬರೆದೆ ಎಂದು ಡಾಕ್ಟರ ಸಹಿಯೊಂದಿಗೆ ಪತ್ರ ಕಳಿಸಿ, ವರ್ಷದ ಕೊನೆಗೆ ಎಲ್ಲ ತಿದ್ದುಪಡಿಗಳನ್ನು ಒಟ್ಟಿಗೆ ಮಾಡುತ್ತೇವೆ ಎಂದ. ಲಾರಿ ಮುಂದಿನ ವಾರ ಬರುತ್ತದೆ ಎಂದೆ. ಲಾರಿ ತನ್ನ ವಿಭಾಗವಲ್ಲ ಎಂದ. ಹಿಂದೆ ನಿಂತವರೊಬ್ಬರು ಕನ್ನಡದಲ್ಲಿ, "ಲಗೂ ಮುಗಸ್ರಿ ಬಾಯಾರ, ಹಂದಿ ಸುದ್ದಿ ಮನ್ಯಾಗ ಮಾತಾಡ್ಕೋರಿ," ಅಂದರು. ಮನೆಯಲ್ಲಿ ಮಾತಾಡಲಾಗದ ಸುದ್ದಿ ಅದೊಂದೇ ಎಂದು ಅವರಿಗೇನು ಗೊತ್ತು.

ಡಾಕ್ಟರ ಹತ್ತಿರ ಹೋಗಿ, ಕಿವಿಯ ವಿಷಯವೆಲ್ಲ ಹೇಳಿ, ಪತ್ರಕ್ಕೆ ಸಹಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಪತ್ರ ಬರದರ ಏನಾಕ್ಕೈತಿ ಗೊತ್ತೈತೇನು? ಉಳದ ಹಂದಿಗೋಳ ಕಿವಿನೂ ಹಿಂಗ ಅದಾವೇನು ಅಂತ ಕೇಳ್ತಾರ. ಆವಾಗ ಇಡೀ ಪಟ್ಟಿನ ಸುಳ್ಳ ಆಕ್ಕೈತಿ. ಒಂದ ಹಂದಿ ಸಲುವಾಗಿ ಇಷ್ಟೂ ಕೆಲಸ ಸುಳ್ಳ ಮಾಡೂದೇನು?"

"ಸುಳ್ಳ ಇದ್ದರ ಸುಳ್ಳ ಅಲ್ಲೇನ್ರಿ?"

"ನೀ ಓದಾಕಿ ಇದ್ದಾಗಿನ ಮಾತು ಇವು," ಅಂದರು. ಸಿಟ್ಟಿನಿಂದ ಅಲ್ಲ. ಆ ದಣಿದ ದನಿ ಬಯ್ಗುಳಕ್ಕಿಂತ ಕೆಟ್ಟದಾಗಿತ್ತು. ಅವರ ಮೇಲೆ ಬಂದ ಕೋಪದಲ್ಲಿ ಅರ್ಧ ನನ್ನ ಮೇಲಿನದೇ ಎಂದು ನನಗೆ ಆಗಲೂ ಗೊತ್ತಿತ್ತು. ಅವರ ಸಹಿ ಇಲ್ಲದೆಯೇ ಪುಣೆಗೆ ಪತ್ರ ಬರೆದೆ. ಉತ್ತರ ಬರಲಿಲ್ಲ.

ಲಾರಿ ಬರುವ ಹಿಂದಿನ ದಿನ ಅವಳ ಹಳ್ಳಿಗೆ ಹೋದೆ. ಮಧ್ಯಾಹ್ನ, ವಿಪರೀತ ಬಿಸಿಲು. ಅವಳು ಹಂದಿಗೆ ಹಳ್ಳದ ಕೆಸರು ಮೆತ್ತುತ್ತಿದ್ದಳು. ಬಿಳಿಯ ತಳಿಗೆ ಬಿಸಿಲು ತಡೆಯುವುದಿಲ್ಲ, ಚರ್ಮ ಸುಡುತ್ತದೆ. ಅವಳಿಗೆ ಎಲ್ಲ ಹೇಳಿದೆ: ತಿದ್ದಲು ಆಗಲಿಲ್ಲ, ನಾಳೆ ಲಾರಿ ಬರುತ್ತದೆ.

"ಯಾರ್ದು ತಪ್ಪ ಅಂತ ಅದಕ್ಕ ಗೊತ್ತಾಗಂಗಿಲ್ಲೇನ್ರಿ? ನಿಮ್ಮ ಪೆಟಗಿಗೆ?"

"ಇಲ್ಲ. ಅದಕ್ಕ ನಂಬರ ಅಷ್ಟ ಗೊತ್ತು."

"ನನ್ನ ಮಾರಿ ಗೊತ್ತಿಲ್ಲ. ಹಂದಿ ಮಾರಿನೂ ಗೊತ್ತಿಲ್ಲ."

"ಇಲ್ಲ."

ಅವಳು ಕೈ ತೊಳೆದುಕೊಂಡು ಬಂದು ಹಂದಿಯ ಪಕ್ಕ ಕೂತಳು. ಬಲಗಿವಿಯನ್ನು ಬಿಡಿಸಿ ಅಂಗೈ ಮೇಲೆ ಹರಡಿಕೊಂಡು, ಮೇಲಂಚಿನ ಬುಡದಲ್ಲಿ ಉಗುರಿನಿಂದ ಒಂದು ಗೆರೆ ಎಳೆದಳು.

"ಅಕ್ಕಾರ, ಅವತ್ತ ಧೂಳಾಗ ತೋರಿಸಿದ್ರೆಲ್ಲ. ಇಲ್ಲಿ ಕೊಯ್ದರ ಎಷ್ಟಾಕ್ಕೈತ್ರಿ?"

"ಇಪ್ಪತ್ತೇಳು."

"ಎಲ್ಲಾ ಕೂಡಿ?"

"ನಲವತ್ತು," ಅಂದೆ.

ಹೀಗೆ ನಡೆಯಿತು ಎಂದು ನನ್ನ ನೆನಪು. ಅವಳು ಕೇಳಿದಳು, ನಾನು ಬರೀ ಕೂಡಿಸಿ ಹೇಳಿದೆ. ಈ ನೆನಪು ನನಗೆ ಅನುಕೂಲವಾಗಿದೆ, ಅದಕ್ಕೇ ಇದರ ಮೇಲೆ ಅನುಮಾನ. ನಲವತ್ತನೆಯ ಸೂಲು ನಮ್ಮ ಯಂತ್ರದಲ್ಲಿ ಖಾಲಿ ಇತ್ತು. ಈ ಹಂದಿ ಹುಟ್ಟಿದ ವರ್ಷ ಸೂಲುಗಳು ಮೂವತ್ತರ ಆಚೀಚೆಗೆ ಮುಗಿದಿದ್ದವು. ಅದು ಖಾಲಿ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ, ಅವಳಿಗಲ್ಲ. ಆ ಜಾಗದಲ್ಲಿ ಕೊಯ್ದರೆ ಉಪಯೋಗವಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಬಲಗಿವಿಯಲ್ಲಿ ಉಳಿದಿದ್ದ ಜಾಗ ಅದೊಂದೇ, ಆದ್ದರಿಂದ ಕೇಳಿದಳು ಎಂದೂ ಹೇಳಬಹುದು. ಅಥವಾ 'ನಲವತ್ತು' ಎಂದ ಮೇಲೆ ನಾನೇ, "ನಲವತ್ತು ಯಾರದೂ ಅಲ್ಲ" ಎಂದು ಸೇರಿಸಿರಬಹುದು. ಸೇರಿಸಿದೆ ಎಂದೇ ಈಗ ಅನ್ನಿಸುತ್ತದೆ. ಕಡೇಪಕ್ಷ ಅವಳು ಯಾಕೆ ಕೇಳುತ್ತಿದ್ದಾಳೆಂದು ತಿಳಿಯದೆ ಉತ್ತರ ಹೇಳಿದೆ ಎನ್ನಲಾರೆ. ನನಗೆ ತಿಳಿದಿತ್ತು.

ಅವಳು ಒಳಗಿನಿಂದ ಮನೆಯ ಸಣ್ಣ ಚೂರಿ, ಅರಿಸಿನ ತಂದಳು. "ಹಿಡೀರಿ," ಅಂದಳು. ತಲೆಯನ್ನು ಮೊಣಕಾಲ ಮೇಲೆ ಒತ್ತಿ ಹಿಡಿದೆ. ಹಂದಿ ಒಮ್ಮೆ ಕಿರುಚಿತು. ಅವಳ ಮನೆಯ ಕಚ್ಚು ಅಲ್ಲದ ಕಚ್ಚನ್ನು ಅವಳು ಕೊಯ್ದದ್ದು ಅದೇ ಮೊದಲು ಅಂತೆ. "ನಮ್ಮತ್ತಿ ಇದ್ದಿದ್ದರ ಕೈ ಮುರೀತಿದ್ಲು," ಅಂದಳು. ಆಮೇಲೆ ನನ್ನ ಸೀರೆ ನೋಡಿ, "ನಿಮ್ಮವ್ವಾರ ಒಳಗ ಬಿಟ್ಕೋತಾರೇನ್ರಿ ಇವತ್ತ?" ಎಂದು ಕೇಳಿದಳು. ಅವ್ವನ ಬಾಗಿಲಿನ ವಿಷಯ ನಾನು ಅವಳಿಗೆ ಯಾವಾಗ ಹೇಳಿದ್ದೆನೋ.

ಸಂಜೆಯೊಳಗೆ ಕೇಂದ್ರಕ್ಕೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಂತ್ರದ ಮುಂದೆ ಕೂತೆ. ಹದಿಮೂರು: ಸತ್ತಿದೆ. ಯಂತ್ರ ಒಂದು ಮಾತೂ ಕೇಳದೆ ಒಪ್ಪಿಕೊಂಡಿತು. ತಿಂಗಳಿಡೀ ನಿಜವನ್ನು ಒಳಗೆ ಬಿಡದ ಪರದೆ ಈ ಸುಳ್ಳಿಗೆ ಬೀಪ್ ಕೂಡ ಅನ್ನಲಿಲ್ಲ. ಆಮೇಲೆ ಹೊಸ ಹಂದಿ ಸೇರಿಸಿ ಎಂಬಲ್ಲಿ ನಲವತ್ತು ಎಂದು ಒತ್ತಿದೆ. ಒಂದು ವರ್ಷ ತಡವಾಗಿ ಬಂದ ಈ ಹಂದಿ ಎಲ್ಲಿಂದ ಬಂತು ಎಂದೂ ಅದು ಕೇಳಲಿಲ್ಲ. ತಂದೆ ಯಾವುದು ಎಂದು ಮಾತ್ರ ಕೇಳಿತು. ಎರಡನೆಯ ಗಂಡು ಎಂದು ಬರೆದೆ.

ಮರುದಿನ ಲಾರಿಯೊಂದಿಗೆ ಡಾಕ್ಟರೂ ನಾನೂ ಹೋದೆವು. ಅವರು ಪಟ್ಟಿ ಹಿಡಿದು ದೊಡ್ಡಿಯ ಹೊರಗೆ ನಿಂತು, ಬಗ್ಗಿ ಕಿವಿ ಓದಿದರು. ಕಚ್ಚಿನ ಅಂಚಿನಲ್ಲಿ ರಕ್ತ, ಅದರ ಮೇಲೆ ಒಣಗದ ಅರಿಸಿನ. ಅವರು ಬೆರಳು ಮಡಚಿ ಕೂಡಿಸಿದರು.

"ನಲವತ್ತು. ಹದಿಮೂರು ಎಲ್ಲೈತಿ?"

"ಸತ್ತೈತ್ರಿ," ಅಂದಳು ಅವಳು. "ಅಕ್ಕಾರ ಬರಕೊಂಡ ಹೋಗ್ಯಾರ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಹೌದು ಅಂದೆ. ಅವರು ಪಟ್ಟಿಯ ಮೇಲೆ ಹದಿಮೂರಕ್ಕೆ ಅಡ್ಡಗೆರೆ ಎಳೆದು, ಸಹಿ ಹಾಕಿ, ಲಾರಿ ಹತ್ತಿದರು. ಅರಿಸಿನ ಅವರಿಗೆ ಕಾಣಲಿಲ್ಲವೋ, ಕಂಡೂ ಸುಮ್ಮನಾದರೋ? ಅವರಿಗೆ ಒಳ್ಳೆಯತನ ಹಚ್ಚಿ ಈ ಬರಹವನ್ನು ಹಗುರ ಮಾಡಿಕೊಳ್ಳುವ ಆಸೆ ನನಗಿದೆ. ಆದರೆ ಅವರ ಕಣ್ಣು ಕಿವಿಯಿಂದ ನೇರ ಪಟ್ಟಿಗೆ ಹೋದದ್ದನ್ನಷ್ಟೇ ನಾನು ನೋಡಿದ್ದು. ಒಂದು ಕಾಲಕ್ಕೆ ನನ್ನ ಕಣ್ಣೂ ಹಾಗೇ ಹೋಗಿತ್ತು.

ಮುಂದಿನ ಪಟ್ಟಿಯಲ್ಲಿ ನಲವತ್ತಕ್ಕೆ ಐದನೆಯ ಗಂಡು ಬಂತು. ಹಂದಿ ಮತ್ತೆ ಈದಾಗ ನಾನು ಪೆನ್ನು ತೆಗೆಯುವ ಮೊದಲು ದೊಡ್ಡಿಯೊಳಗೆ ಹೋಗಿ ಒಂದೊಂದೇ ಮರಿಯನ್ನು ಎತ್ತಿ ಬಾಲದ ಕೆಳಗೆ ನೋಡಿದೆ. ಎಲ್ಲವೂ ಸರಿಯಾಗಿದ್ದವು. ಅವಳು ಎರಡು ಹೆಣ್ಣುಮರಿ ಆರಿಸಿ ಕೇಂದ್ರಕ್ಕೆ ಕೊಟ್ಟಳು. ತಾಯಿ ಹಂದಿ ಅವಳದಾಯಿತು. ಅದಾದ ಮೇಲೆ ಅವಳು ಕೇಂದ್ರಕ್ಕೆ ಬರುವುದನ್ನು ಬಿಟ್ಟಳು.

ಉಳಿದ ಮನೆಗಳ ಹಂದಿಗಳ ವಿಷಯ ನಾನು ತೆಗೆಯಲಿಲ್ಲ. ಅವುಗಳ ಕಿವಿಯಲ್ಲೂ ಆಯಾ ಮನೆಯ ಕಚ್ಚು ಇದ್ದಿರಬೇಕು, ನಾನು ಅವನ್ನೂ ಕೂಡಿಸಿ ಓದಿರಬೇಕು. ಇನ್ನೊಂದು ವರ್ಷ ಅದೇ ಕೋಣೆಯಲ್ಲಿ ಕೂತು, ಅದೇ ಪಟ್ಟಿಯ ಪ್ರಕಾರ ಗಂಡು ಬಿಡಿಸಿ, ತಿಂಗಳಿಗೊಮ್ಮೆ ಊಟದ ಡಬ್ಬಿಯಲ್ಲಿ ಫ್ಲಾಪಿ ಇಟ್ಟುಕೊಂಡು ನಿಪ್ಪಾಣಿಗೆ ಹೋದೆ. ಆ ಸಾವಿರಾರು ಸಾಲುಗಳಲ್ಲಿ ನಾನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ನಿಜವೆಂದು ಬರೆದದ್ದು ಒಂದೇ: ಇಲ್ಲದ ನಲವತ್ತನೆಯ ಸೂಲಿನ ತಂದೆ ಯಾವುದೆಂಬುದು.